15 ಮೀಟರಿನ ಹಂದಿಗೆ 800 ಮೀಟರಿನ ಗುಂಡು

ಹಲಗೂರು ಕಡೆ ನಮ್ಮ ಸೋದರಮಾವನ ಮನೆಗೆ ಹೋದರೆ ಮೊದಲು ಮಳೆ, ಆಮೇಲೆ ನಾಲೆ ನೀರು, ಆಮೇಲೆ ಕಬ್ಬಿನ ಬಾಕಿ ಬಿಲ್ಲು, ಹೀಗೆ ಮಾತು ಸಾಗುತ್ತೆ. ಈ ಸಲ ಹಾಗಾಗಲಿಲ್ಲ. ಕೂತ ತಕ್ಷಣ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದರು. ಅಮೆರಿಕದ ಯಾವುದೋ ಬೆಟ್ಟ. ಒಬ್ಬ ಮಲಗಿಕೊಂಡು ರೈಫಲ್ ಹಿಡಿದಿದ್ದಾನೆ. ಆಚೆ ಬೆಟ್ಟದ ಮೇಲೆ ಚುಕ್ಕೆಯಷ್ಟು ಒಂದು ಜಿಂಕೆ. ಗುಂಡು ಹಾರಿ ಒಂದು ಸೆಕೆಂಡು ಕಳೆದ ಮೇಲೆ ಅದು ನಿಂತಲ್ಲೇ ಕುಸಿಯಿತು. ದೂರ 800 ಮೀಟರ್ ಅಂತ ತೆರೆಯ ಮೇಲೆ ಬರೆದಿತ್ತು.

"ನೋಡ್ಲಾ ಅಳಿಯ, ಅಷ್ಟ್ ದೂರದ್ನೇ ಹಿಂಗ್ ಮಲಗಿಸ್ತದೆ. ನಮ್ ಕಬ್ಬಲ್ಲಿರೋ ಹಂದಿಗೆ ಇದ್ರಲ್ಲಿ ಒಂದ್ ಕೊಟ್ರೆ ಎದ್ದಾತಾ?"

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಮಾಡುತ್ತಿರುವುದು ಪತ್ರಕರ್ತನ ಕೆಲಸ. ಓದಿದ್ದು ಉಪಯೋಗಕ್ಕೆ ಬರುವುದು ಅಪರೂಪ. ಮಾವ ಕೇಳಿದ ಪ್ರಶ್ನೆ ಅಂಥದ್ದು. ಉತ್ತರ ನಮ್ಮ ಸಾಮಾನ್ಯ ಬುದ್ಧಿಗೆ ತಿರುಗುಮುರುಗಾಗಿದೆ: ಎದ್ದರೂ ಎದ್ದೀತು ಮಾವ. ಎದ್ದು, ನಿಮ್ಮ ಕಬ್ಬಿನೊಳಗೇ ಮಲಗೀತು.

ಇದು ಬರೀ ಬಂದೂಕಿನ ಹುಚ್ಚಿರುವವರ ಹರಟೆ ಅಲ್ಲ. ಮಳವಳ್ಳಿ ತಾಲ್ಲೂಕಿನ ದಕ್ಷಿಣದ ಅಂಚು ಅಂದರೆ ಮುತ್ತತ್ತಿ, ಬಸವನಬೆಟ್ಟದ ಕಾಡು, ಕಾವೇರಿ ವನ್ಯಜೀವಿ ಧಾಮ. ಶಿಂಷೆ ಮದ್ದೂರನ್ನು ಹಾದು ಇದೇ ತಾಲ್ಲೂಕಿನಲ್ಲಿ ಕಾವೇರಿಗೆ ಸೇರುತ್ತೆ. ಆ ಹೊಳೆಯ ದಾರಿ ಹಿಡಿದು ಆನೆಗಳು ಮದ್ದೂರು ತಾಲ್ಲೂಕಿನ ತನಕ ಬಂದಿವೆ. ಚಿರತೆಗಂತೂ ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆ ಕಾಡಿಗಿಂತ ಸುರಕ್ಷಿತ ಜಾಗ, ಮರಿ ಹಾಕುವುದೂ ಅಲ್ಲೇ. ಇವೆಲ್ಲ ಆಗಾಗ ಸುದ್ದಿಯಾಗುತ್ತವೆ. ಸುದ್ದಿಯಾಗದೆ ದಿನಾ ರಾತ್ರಿ ಬಂದು ಹೋಗುವುದು ಹಂದಿ. ಆನೆ ಬಂದರೆ ಅರಣ್ಯ ಇಲಾಖೆಯ ಜೀಪು ಬರುತ್ತೆ. ಹಂದಿ ಬಂದರೆ ಯಾರೂ ಬರಲ್ಲ, ಪರಿಹಾರದ ಅರ್ಜಿ ಒಂದು ಬಿಟ್ಟು. ಹಾಗಾಗಿ "ಕೊಲ್ಲೋಕೆ ಪರ್ಮಿಷನ್ ಕೊಡಿ" ಎಂಬ ಮಾತು ಪ್ರತಿ ರೈತಸಭೆಯಲ್ಲೂ ಏಳುತ್ತೆ. ಪಕ್ಕದ ರಾಜ್ಯಗಳು ಒಂದಿಷ್ಟು ಕೊಟ್ಟೂ ಇವೆ. ಕೇರಳ 2022ರ ಮೇ ತಿಂಗಳಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಆ ಅಧಿಕಾರ ವಹಿಸಿತು. ತಮಿಳುನಾಡು 2025ರ ಜನವರಿಯಲ್ಲಿ, ಕಾಡಂಚಿನಿಂದ 3 ಕಿ.ಮೀ. ಆಚೆ ಬಂದ ಹಂದಿಗಳನ್ನು ಅರಣ್ಯ ಸಿಬ್ಬಂದಿಯೇ ಹೊಡೆಯಬಹುದು ಎಂದಿತು.

ಚರ್ಚೆ ಮಾತ್ರ ಎಲ್ಲ ಕಡೆ ಒಂದೇ ಥರ. ಹೊಡಿಬೇಕಾ, ಹೊಡಿಬಾರದಾ? ಯಾವ ಗುಂಡಿನಲ್ಲಿ, ಎಷ್ಟು ದೂರದಿಂದ ಅಂತ ಯಾರೂ ಕೇಳಲ್ಲ. ಕೇಳಬೇಕಾದದ್ದು ಅದೇ.

ಮೊದಲು ಗುಂಡಿನ ಒಳಗೆ ಏನಿದೆ ನೋಡೋಣ. ಬೇಟೆಯ ಗುಂಡಿನಲ್ಲಿ ಸಾಧಾರಣವಾಗಿ ಸೀಸದ ತಿರುಳು, ಮೇಲೆ ತಾಮ್ರದ ತೆಳುವಾದ ಕವಚ. ಪ್ರಾಣಿಯ ಮೈಗೆ ಬಡಿದಾಗ ಮೂತಿ ಅಣಬೆಯಂತೆ ಅರಳಬೇಕು. ಅರಳಿದರೆ ಗಾಯ ಅಗಲ, ರಕ್ತ ಬೇಗ ಹರಿದು ಪ್ರಾಣ ಬೇಗ ಹೋಗುತ್ತೆ. ಅರಳದಿದ್ದರೆ ಸೂಜಿ ಚುಚ್ಚಿದ ಹಾಗೆ ಆಚೆ ಹೊರಟುಹೋಗುತ್ತೆ, ಪ್ರಾಣಿ ಮೈಲಿಗಟ್ಟಲೆ ಓಡಿ ಎಲ್ಲೋ ಸಾಯುತ್ತೆ. ಅಂದಹಾಗೆ, ಈ ಅರಳುವ ಗುಂಡಿಗೆ ನಮ್ಮ ದೇಶದ್ದೇ ಹೆಸರು ಅಂಟಿದೆ. ಕಲ್ಕತ್ತಾ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮಾಡಿದ ಗುಂಡು ಎಷ್ಟು ಘೋರವಾಗಿತ್ತೆಂದರೆ, ಯುದ್ಧದಲ್ಲಿ ಅಂಥದ್ದನ್ನು ಬಳಸಬಾರದು ಅಂತ 1899ರ ಹೇಗ್ ಸಮ್ಮೇಳನದಲ್ಲಿ ಘೋಷಣೆಯೇ ಆಯಿತು. ಸೈನಿಕನ ಮೇಲೆ ನಿಷಿದ್ಧವಾದದ್ದು ಪ್ರಾಣಿಯ ಮಟ್ಟಿಗೆ ದಯೆ. ವಿಚಿತ್ರ, ಆದರೆ ನಿಜ.

ಈಗ ದೂರದ ಲೆಕ್ಕ. 7 ಎಂ.ಎಂ. ಮ್ಯಾಗ್ನಮ್ ಅನ್ನುವ ವರ್ಗದ ಒಂದು ರೈಫಲ್ ತಗೊಳ್ಳಿ. ಗುಂಡಿನ ತೂಕ ಸುಮಾರು 11.3 ಗ್ರಾಂ. ನಳಿಗೆಯಿಂದ ಹೊರಡುವಾಗ ವೇಗ ಸೆಕೆಂಡಿಗೆ ಸುಮಾರು 890 ಮೀಟರ್. ಗಾಳಿ ತಡೆದು ತಡೆದು 800 ಮೀಟರ್ ತಲುಪುವ ಹೊತ್ತಿಗೆ ಅದು ಸುಮಾರು 550ಕ್ಕೆ ಇಳಿದಿರುತ್ತೆ. ಚಲನಶಕ್ತಿಯ ಸೂತ್ರ ಪಿಯುಸಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ: ತೂಕದ ಅರ್ಧಕ್ಕೆ ವೇಗದ ವರ್ಗ ಗುಣಿಸಿ. ನಳಿಗೆಯ ಬಾಯಲ್ಲಿ 4,500 ಜೌಲ್, 800 ಮೀಟರಿನಲ್ಲಿ 1,700 ಜೌಲ್. ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಮ್ಮಿ ಶಕ್ತಿ ದಾರಿಯಲ್ಲೇ ಖರ್ಚು.

ದೂರದ ಬೇಟೆಗೆ ಗುಂಡು ಮಾಡುವವನ ತಲೆನೋವು ಇದೇ. ಉಳಿದ ಇಷ್ಟು ವೇಗದಲ್ಲೂ ಅರಳಬೇಕಲ್ಲ? ಅದಕ್ಕೆ ಕವಚದ ಮೂತಿಯನ್ನು ತೆಳ್ಳಗೆ ಮಾಡುತ್ತಾರೆ, ಸೀಸವನ್ನು ಮೆತ್ತಗಿಡುತ್ತಾರೆ, ತುದಿಗೆ ಪ್ಲಾಸ್ಟಿಕ್ಕಿನ ಚೂಪು ಮೊನೆ ಕೂರಿಸುತ್ತಾರೆ. ಆ ಮೊನೆ ಗಾಳಿಯನ್ನೂ ಸೀಳುತ್ತೆ, ಬಡಿದಾಗ ಬೆಣೆಯ ಹಾಗೆ ಒಳಗೆ ನುಗ್ಗಿ ಗುಂಡನ್ನು ಬಿಚ್ಚುತ್ತೆ. ಸುಮ್ಮನೆ ಮುಟ್ಟಿದರೂ ಬಿಚ್ಚಿಕೊಳ್ಳುವ ಹಾಗೆ ಕಟ್ಟಿದ ಗಂಟು ಅನ್ನಿ.

ಈ ಗಂಟನ್ನು ಕಬ್ಬಿನ ಗದ್ದೆಗೆ ತನ್ನಿ. ಬೆಳೆದ ಕಬ್ಬಿನ ಸಾಲಿನಲ್ಲಿ ಹಗಲು ಹೊತ್ತಲ್ಲೇ ಹತ್ತು ಹದಿನೈದು ಮೀಟರ್ ಆಚೆ ಏನೂ ಕಾಣಲ್ಲ. ರಾತ್ರಿ ಟಾರ್ಚ್ ಬೆಳಕಿನಲ್ಲಿ, ಬದುವಿನ ಮೇಲೆ ನಿಂತು ಹೊಡೆದರೆ ಹೆಚ್ಚೆಂದರೆ 30 ಮೀಟರ್. ಅಲ್ಲಿ ಗುಂಡಿನ ವೇಗ ಇನ್ನೂ 870ರ ಮೇಲೇ ಇದೆ. ದೇಹದ ಮುಕ್ಕಾಲು ಪಾಲು ನೀರು ಅಂದುಕೊಂಡು ಲೆಕ್ಕ ಹಾಕಿದರೆ, 550ರ ವೇಗದಲ್ಲಿ ಗುಂಡಿನ ಮೂತಿಯ ಮೇಲೆ ಬೀಳುವ ಒತ್ತಡ ವಾತಾವರಣದ ಒತ್ತಡದ ಸುಮಾರು 1,500 ಪಟ್ಟು. ನಳಿಗೆಯಿಂದ ಹೊರಟ ವೇಗದಲ್ಲೇ ಬಡಿದರೆ ಸುಮಾರು 4,000 ಪಟ್ಟು. ಸಣ್ಣ ಏಟಿಗೆ ಬಿಚ್ಚಿಕೊಳ್ಳಲಿ ಅಂತ ಮಾಡಿದ ಗುಂಡಿಗೆ ಎರಡೂವರೆ ಪಟ್ಟು ಜಾಸ್ತಿ ಏಟು. ಅದು ಅರಳಲ್ಲ, ಸಿಡಿಯುತ್ತೆ. ಸೀಸ ಚೂರುಚೂರಾಗಿ ಚರ್ಮದ ಕೆಳಗೆ ಹರಡುತ್ತೆ. ತೂಕ ಹೋಯಿತು ಅಂದರೆ ಒಳಕ್ಕೆ ತೂರುವ ಬಲವೂ ಹೋಯಿತು.

ಎಲ್ಲಿ ಬಡಿಯಿತು ಅನ್ನುವುದು ಇಲ್ಲಿ ಮುಖ್ಯ. ಪಕ್ಕೆಲುಬಿನ ನಡುವೆ ನೇರ ಬಿದ್ದರೆ ಅಲ್ಲೇ ಸಾಯುತ್ತೆ, ವಿಡಿಯೋಗಿಂತ ನಾಟಕೀಯವಾಗಿ ಬೀಳುತ್ತೆ. ಗ್ರಹಚಾರ ಏನೆಂದರೆ, ಬಲಿತ ಗಂಡು ಹಂದಿಯ ಭುಜದ ಮೇಲೆ ಮೃದ್ವಸ್ಥಿಯಂಥ ದಪ್ಪ ಪದರ ಇರುತ್ತೆ. ಗಂಡುಗಂಡು ಕಾದಾಡುವಾಗ ಕೋರೆ ಇಳಿಯದಿರಲಿ ಅಂತ ಪ್ರಕೃತಿ ಕೊಟ್ಟ ಗುರಾಣಿ. ಅದರ ಮೇಲೆ ಕೆಸರಲ್ಲಿ ಹೊರಳಿ ಒಣಗಿಸಿಕೊಂಡ ಮಣ್ಣಿನ ಲೇಪ. ಕೆಳಗೆ ಭುಜದ ಮೂಳೆ. ಗುಂಡು ಇಷ್ಟರಲ್ಲೇ ಸಿಡಿದು ಖರ್ಚಾದರೆ ಹೊರಗೆ ನೋಡಲು ಭಯಂಕರ ಗಾಯ, ಒಳಗೆ ಹೃದಯ ಶ್ವಾಸಕೋಶಕ್ಕೆ ಏನೂ ಆಗಿರಲ್ಲ. ಹಂದಿ ಕಿರುಚಿ ಕಬ್ಬಿಗೆ ನುಗ್ಗುತ್ತೆ.

ಈ ಪಾಠ ಹೊಸದೇನಲ್ಲ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬಾತ ಮೂಸ್ ಅನ್ನುವ ಕುದುರೆಯಷ್ಟು ದೊಡ್ಡ ಕಡವೆಗೆ ಹತ್ತಿರದಿಂದ ಹೊಡೆದ. ಅದರ ಮೈಮೇಲೂ ಒಣಗಿದ ಕೆಸರು. ವೇಗದ ರೈಫಲ್, ಆ ಕಾಲದ ಒಳ್ಳೆಯ ಗುಂಡು, ಆದರೂ ಭುಜದಲ್ಲೇ ಸಿಡಿದು ಒಳಗೆ ಇಳಿಯಲಿಲ್ಲ. ಆತ ಮನೆಗೆ ಬಂದು, ನಡುವೆ ತಾಮ್ರದ ಅಡ್ಡಗೋಡೆ ಇರುವ ಹೊಸ ಗುಂಡು ಮಾಡಿದ. ಮುಂದಿನ ಅರ್ಧ ಅರಳಲಿ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ತೂರಲಿ ಅಂತ. 1948ರಿಂದ ಅದನ್ನು ಮಾರಿ ಕಂಪನಿಯನ್ನೇ ಕಟ್ಟಿದ. ಅದೇ ಕಂಪನಿ ಇವತ್ತು ದೂರದ ಬೇಟೆಗೆಂದೇ ಬೇರೆ ಗುಂಡು ಮಾರುತ್ತೆ. ಸೆಕೆಂಡಿಗೆ 400 ಮೀಟರ್‌ಗೆ ಇಳಿದರೂ ಅರಳುತ್ತೆ ಅಂತ ಜಾಹೀರಾತು. ಎರಡೂ ಒಂದೇ ಅಂಗಡಿಯ ಮಾಲು, ಎರಡರ ಕೆಲಸ ಬೇರೆ. ಯೂಟ್ಯೂಬ್ ಅದನ್ನು ಹೇಳಲ್ಲ.

ರೈಫಲ್ಲಿನ ಮೇಲಿನ ದುರ್ಬೀನಿನದ್ದೂ ಒಂದು ತಮಾಷೆ ಇದೆ. ಅದು ನಳಿಗೆಗಿಂತ ನಾಲ್ಕೈದು ಸೆಂ.ಮೀ. ಮೇಲೆ ಕೂತಿರುತ್ತೆ. 200 ಮೀಟರಿಗೆ ಸರಿ ಹೊಂದಿಸಿದ ರೈಫಲ್ಲಿನಲ್ಲಿ 10 ಮೀಟರಿನ ಗುರಿಗೆ ಹೊಡೆದರೆ ಗುಂಡು ಕಂಡ ಜಾಗಕ್ಕಿಂತ ಸುಮಾರು ಮೂರು ಸೆಂ.ಮೀ. ಕೆಳಗೆ ಬೀಳುತ್ತೆ. ಇನ್ನು ಐದು ಪಟ್ಟು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಗಾಜಿನಲ್ಲಿ 15 ಮೀಟರಿನ ಹಂದಿ ಹಂದಿಯಾಗಿ ಕಾಣಲ್ಲ. ಕಪ್ಪು ಕೂದಲು ಕಾಣುತ್ತೆ, ಅಷ್ಟೆ. ಭುಜವೋ ಹೊಟ್ಟೆಯೋ ನೀವೇ ಊಹಿಸಬೇಕು.

"ನಮ್ಮೂರಲ್ಲಿ ಅಂಥ ರೈಫಲ್ ಯಾರ ಹತ್ರ ಇದೆ ಮಾರಾಯ" ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ರೈತನ ಕೈಗೆ ಕಾನೂನು ಕೊಟ್ಟಿರುವುದು ಇನ್ನೊಂದು ತುದಿಯ ಆಯುಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ. ಬೆಳೆ ರಕ್ಷಣೆಗೆ ಅಂತ ಅದು ಹೆಸರಿಸುವುದು ಮೂತಿಯಿಂದ ಮದ್ದು ತುಂಬುವ ಬಂದೂಕನ್ನು. ನಮ್ಮ ಕೇಪಿನ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ಕೋವಿ. ಕೇಪಿನ ಕೋವಿಯಲ್ಲಿ ಮದ್ದನ್ನು ಕೈಯಲ್ಲಿ ಅಳೆದು ಸುರಿಯಬೇಕು. ಇವತ್ತಿನ ಅಳತೆ ನಿನ್ನೆಯದಲ್ಲ, ಹಾಗಾಗಿ ಇವತ್ತಿನ ವೇಗವೂ ನಿನ್ನೆಯದಲ್ಲ. ಒಳಗೆ ಹೋಗುವುದು ಸೀಸದ ಚೂರೋ, ಕಬ್ಬಿಣದ ತುಂಡೋ, ಕೈಗೆ ಸಿಕ್ಕಿದ್ದು. ಏಟು ತಪ್ಪಿದರೆ, ಅಥವಾ ತಪ್ಪದೆ ಬರೀ ಗಾಯವಾದರೆ, ಎರಡನೇ ಏಟು ಅನ್ನುವುದೇ ಇಲ್ಲ. ಮತ್ತೆ ಮದ್ದು ತುಂಬಿ ಗಜ ಹಾಕಿ ಜಡಿಯುವಷ್ಟರಲ್ಲಿ ಹಂದಿ ಪಕ್ಕದ ಊರಲ್ಲಿರುತ್ತೆ. ಇಷ್ಟರ ಮೇಲೆ ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ಜಮಾ.

ಹೀಗಾಗಿ ಒಂದು ಕಡೆ ವೇಗ ಜಾಸ್ತಿಯಾಗಿ ಸಿಡಿಯುವ ಗುಂಡು, ಇನ್ನೊಂದು ಕಡೆ ವೇಗ ಸಾಲದೆ ಚರ್ಮದಲ್ಲೇ ಉಳಿಯುವ ಚೂರು. ಬೆಲೆಯಲ್ಲಿ ಲಕ್ಷಾಂತರ ರೂಪಾಯಿ ವ್ಯತ್ಯಾಸ. ಫಲಿತಾಂಶ ಒಂದೇ, ಗಾಯಗೊಂಡ ಪ್ರಾಣಿ.

ಗಾಯಗೊಂಡ ಪ್ರಾಣಿ ಯಾರ ಪಾಲಿಗೆ ಬರುತ್ತೆ ಅನ್ನುವುದು ನಮ್ಮ ಚರ್ಚೆಯಲ್ಲಿ ಇರಲೇಬೇಕಾದ ರಾಜಕೀಯ ಪ್ರಶ್ನೆ. ಕೋವಿ ಇರುವವನು ಗದ್ದೆಯ ಯಜಮಾನ, ಇಲ್ಲವೇ ಪೇಟೆಯಿಂದ ಬಂದ ಶೂಟರ್. ಏಟು ಹೊಡೆದು ರಾತ್ರಿಯೇ ಮನೆಗೆ ಹೋಗುತ್ತಾನೆ. ಕಾರ್ಖಾನೆಯಿಂದ ಕಟಾವಿಗೆ ಅನುಮತಿ ಬಂದ ಬೆಳಿಗ್ಗೆ ಆ ಕಬ್ಬಿಗೆ ಇಳಿಯುವುದು ಕಡಿಯೋ ಆಳುಗಳು. ಅವರಲ್ಲಿ ಅನೇಕರು ಬೇರೆ ಜಿಲ್ಲೆಯಿಂದ ಬಂದು ಬಯಲಲ್ಲಿ ಗುಡಿಸಲು ಹಾಕಿಕೊಂಡವರು. ರಾತ್ರಿ ಏನಾಯಿತು ಅಂತ ಅವರಿಗೆ ಯಾರೂ ಹೇಳಿರಲ್ಲ. ಬಗ್ಗಿ ಬುಡ ಕಡಿಯುವ ಹೆಣ್ಣುಮಗಳ ಮುಖದ ಎತ್ತರ, ಕೂತ ಹಂದಿಯ ಕೋರೆಯ ಎತ್ತರ, ಎರಡೂ ಹೆಚ್ಚುಕಮ್ಮಿ ಒಂದೇ. ಈಗ ಹಂದಿಯ ಜಾಗದಲ್ಲಿ ಚಿರತೆ ಇಟ್ಟು ಯೋಚಿಸಿ. ಕತ್ತಲಲ್ಲಿ ಕಬ್ಬು ಅಲುಗಾಡಿತು ಅಂತ ಹಾರಿಸಿದ ಗುಂಡಿಗೆ ಅಲ್ಲಿರುವುದು ಯಾವುದು ಅಂತ ಗೊತ್ತಾಗಲ್ಲ.

ಇದು ನನ್ನ ಕಲ್ಪನೆಯ ಭಯ ಅಲ್ಲ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣು ಹುಲಿ 436 ಜನರನ್ನು ಕೊಂದಿತ್ತು ಎಂಬ ಲೆಕ್ಕವಿದೆ. ಸತ್ತ ಮೇಲೆ ನೋಡಿದರೆ ಬಲಗಡೆಯ ಮೇಲಿನ, ಕೆಳಗಿನ ಕೋರೆಹಲ್ಲು ಎರಡೂ ಮುರಿದಿದ್ದವು. ಯಾರೋ ಎಂದೋ ಹೊಡೆದ ಗುಂಡು. ತನ್ನ ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಕಡೆ ತಿರುಗಿತು ಅಂತ ಕಾರ್ಬೆಟ್ ಬರೆದ. ಸರಿಯಾಗಿ ಕೆಲಸ ಮಾಡದ ಒಂದು ಗುಂಡಿನ ಬಿಲ್ಲು ಎಷ್ಟು ದೊಡ್ಡದಾಗಬಹುದು ನೋಡಿ.

ಹಳೆಯ ಮೈಸೂರಿನ ಬೇಟೆಗಾರರಿಗೆ ಹತ್ತಿರದ ಬೇಟೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮೈಸೂರಿನ ನೀರಾವರಿ ಕಾಲುವೆಗಳ ಅಧಿಕಾರಿಯಾಗಿದ್ದು, ಆಮೇಲೆ ಆನೆ ಹಿಡಿಯುವ ಖೆಡ್ಡಾಕ್ಕೆ ಇಳಿದ ಸ್ಯಾಂಡರ್ಸನ್ 1878ರಲ್ಲಿ ತನ್ನ ಅನುಭವಗಳ ಪುಸ್ತಕ ಪ್ರಕಟಿಸಿದ. ಆತ ಆನೆ, ಕಾಟಿಗಳ ಎದುರು ಹಿಡಿಯುತ್ತಿದ್ದದ್ದು ದೊಡ್ಡ ಬಾಯಿಯ, ಭಾರದ ಗುಂಡಿನ, ಇವತ್ತಿನ ಲೆಕ್ಕದಲ್ಲಿ ಬಹಳ ನಿಧಾನದ ಕೋವಿಗಳನ್ನು. ದಟ್ಟ ಕಾಡಲ್ಲಿ ಹತ್ತು ಹೆಜ್ಜೆ ದೂರಕ್ಕೆ ಬೇಕಾದದ್ದು ತೂಕ, ವೇಗ ಅಲ್ಲ. ಆತ ಲೆಕ್ಕವಿಲ್ಲದಷ್ಟು ಪ್ರಾಣಿ ಕೊಂದ, ಅದನ್ನು ಹೊಗಳಬೇಕಿಲ್ಲ. ತಾನು ನಿಂತ ಜಾಗದ ದೂರ ಎಷ್ಟು ಅಂತ ಮಾತ್ರ ಆತನಿಗೆ ತಿಳಿದಿತ್ತು.

ನಮ್ಮಲ್ಲೇ ಕಾರ್ಖಾನೆಯಲ್ಲಿ ತಯಾರಾಗುವ .315 ರೈಫಲ್ ಕೂಡ ಈ ಲೆಕ್ಕಕ್ಕೆ ಹತ್ತಿರ. ಗುಂಡು ಸುಮಾರು 16 ಗ್ರಾಂ, ವೇಗ ಮ್ಯಾಗ್ನಮ್‌ಗಿಂತ ಬಹಳ ಕಡಿಮೆ. ಅದಕ್ಕೆ ಹಳೇ ಕಾಲದ್ದು ಅಂತ ಮೂಗು ಮುರಿಯುವ ಹುಡುಗರಿದ್ದಾರೆ. 20 ಮೀಟರಿನ ಹಂದಿಯ ಮಟ್ಟಿಗೆ ಹೊಳೆಯುವ ವಿದೇಶಿ ರೈಫಲ್ಲಿಗಿಂತ ಈ ಮುದಿಯನೇ ವಾಸಿ.

ಅಪಾಯ ಇರುವುದು ಸರ್ಕಾರ ಹೊರಗಿನ ಶೂಟರ್‌ಗಳನ್ನು ಕರೆಸುವ ಪದ್ಧತಿಯಲ್ಲಿ. 2016ರಲ್ಲಿ ಬಿಹಾರದ ಮೊಕಾಮದಲ್ಲಿ 200ಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಕೊಂದಾಗ ಹೈದರಾಬಾದಿನಿಂದ ಶೂಟರ್‌ಗಳು ಹೋಗಿದ್ದರು. ಮೊಕಾಮ ಬಟಾಬಯಲು, ಕಣ್ಣು ಹಾಯುವಷ್ಟು ದೂರ ಚಪ್ಪಟೆ ನೆಲ. ಅಲ್ಲಿ ದೂರದ ಗುಂಡಿಗೆ ಕೆಲಸವಿದೆ. ಅದೇ ಮನುಷ್ಯ, ಅದೇ ಪೆಟ್ಟಿಗೆ, ಅದೇ ಗುಂಡು ಮದ್ದೂರಿನ ಕಬ್ಬಿಗೆ ಬಂದರೆ? ಅನುಮತಿ ಪತ್ರದಲ್ಲಿ ಪ್ರಾಣಿಯ ಹೆಸರು, ದಿನಾಂಕ, ಷರತ್ತು ಎಲ್ಲ ಇರುತ್ತೆ. ಕೇರಳದ ಆದೇಶವೂ ವಿಷ, ಸ್ಫೋಟಕ, ಕರೆಂಟು ಬೇಡ ಅಂತ ಸರಿಯಾಗಿಯೇ ಹೇಳಿತು. ಇಂಥ ಆದೇಶಗಳಲ್ಲಿ ಗುಂಡಿನ ತೂಕ, ರಚನೆ, ಹೊಡೆಯಬಹುದಾದ ದೂರ ಇವೂ ಷರತ್ತಾಗಬೇಕು. ಸೇತುವೆಗೆ ಟೆಂಡರ್ ಕರೆಯುವಾಗ ಕಬ್ಬಿಣದ ಗಾತ್ರ ಬರೆಯದೆ ಬಿಡುತ್ತೇವಾ?

ಸಿಡಿದ ಸೀಸದ ಇನ್ನೊಂದು ಬಾಬತ್ತು ಇದೆ. ಮದ್ದೂರಿನ ಪಕ್ಕದ ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮ. ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ದನಗಳ ಮೂಲಕ ರಣಹದ್ದುಗಳ ಸಂತತಿಯನ್ನೇ ಮುಗಿಸಿತು, 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಗುಂಡೇಟಿಗೆ ಸತ್ತ ಪ್ರಾಣಿಯ ಮಾಂಸದಲ್ಲಿ ಹರಡಿದ ಸೀಸದ ಪುಡಿ ಹದ್ದುಗಳಿಗೆ ಇನ್ನೊಂದು ವಿಷ. ಕ್ಯಾಲಿಫೋರ್ನಿಯಾ ಕಾಂಡೋರ್ ಹದ್ದುಗಳ ಸಾವಿನ ಕಾರಣಕ್ಕೆ ಅಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡೇ ಬಂದ್. ಪೂರ್ತಿ ತಾಮ್ರದ ಗುಂಡುಗಳಿವೆ. ಅವು ಹತ್ತಿರದಲ್ಲೂ ಸಿಡಿಯಲ್ಲ, ತೂಕ ಉಳಿಸಿಕೊಂಡು ಒಳಗಿಳಿಯುತ್ತವೆ. ಸರ್ಕಾರ ತನ್ನ ಖರ್ಚಲ್ಲಿ ತರಿಸುವುದಾದರೆ ಇವನ್ನೇ ತರಿಸಲಿ.

ನಾನು ಹಂದಿ ಕೊಲ್ಲಲೇಬಾರದು ಅನ್ನುವ ಪೈಕಿ ಅಲ್ಲ. ಆ ಮಾತು ಬೆಂಗಳೂರಿನ ಐದನೇ ಮಹಡಿಯಲ್ಲಿ ಸುಲಭ. ಒಂದು ರಾತ್ರಿಯಲ್ಲಿ ಅರ್ಧ ಎಕರೆ ಉತ್ತಂತಾದ ಜೋಳದ ಹೊಲ ನೋಡಿದವರು ಹಾಗೆ ಹೇಳಲಾರರು. ಕಾಡುಹಂದಿ 2022ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡಿದರೆ ಮುಖ್ಯ ವನ್ಯಜೀವಿ ಪರಿಪಾಲಕರು ಬೇಟೆಗೆ ಅನುಮತಿ ಕೊಡಲು 11ನೇ ಸೆಕ್ಷನ್‌ನಲ್ಲಿ ಈಗಲೂ ದಾರಿ ಇದೆ. ದಾರಿ ಮುಚ್ಚಿದಷ್ಟೂ ಉರುಳು, ಸಿಡಿಮದ್ದು, ಕರೆಂಟ್ ತಂತಿ ಹೆಚ್ಚುತ್ತವೆ. ಅವಕ್ಕೆ ಹಂದಿ ಸಿಗುತ್ತೋ ಇಲ್ಲವೋ, ಮೇಯಲು ಬಿಟ್ಟ ಹಸುವಿನ ಬಾಯಿ, ರಾತ್ರಿ ನೀರು ಕಟ್ಟಲು ಹೋದ ಮನುಷ್ಯನ ಕಾಲು ಸಿಗುತ್ತೆ.

ಆದರೆ ಅನುಮತಿ ಕೊಡುವುದಾದರೆ ಕೆಲಸ ಇಲಾಖೆಯದ್ದಾಗಲಿ, ರೈತನ ತಲೆಗೆ ಕಟ್ಟಬೇಡಿ. ಗದ್ದೆ ಅಂಚಿನಲ್ಲಿ ಅಟ್ಟಣೆ ಹಾಕಿ ಮೇಲಿಂದ ಹೊಡೆಯಲಿ. ಆಗ ತಪ್ಪಿದ ಗುಂಡು ನೆಲಕ್ಕೆ ಹೋಗುತ್ತೆ, ಪಕ್ಕದ ದೊಡ್ಡಿಗಲ್ಲ. 30 ಮೀಟರಿನ ಒಳಗೆ, ಭಾರದ ಗಟ್ಟಿ ಗುಂಡು. ಏಟು ಬಿದ್ದ ಹಂದಿ ಸಿಗುವ ತನಕ ಆ ಗದ್ದೆಗೆ ಕಟಾವಿಲ್ಲ. ತಡವಾದ ಕಟಾವಿಗೆ ಕಬ್ಬಿನ ತೂಕ ಇಳಿದರೆ ಅದನ್ನೂ ಇಲಾಖೆ ತುಂಬಿಕೊಡಲಿ, ಆಳುಗಳ ಆ ದಿನದ ಕೂಲಿಯನ್ನೂ. ಮತ್ತೆ ಒಂದು ರಿಜಿಸ್ಟರ್. ಸತ್ತ ಹಂದಿಯ ಲೆಕ್ಕ ಹೇಗೂ ಫೋಟೋ ಸಮೇತ ಪೇಪರಿಗೆ ಬರುತ್ತೆ. ಹಾರಿಸಿದ ಗುಂಡು ಎಷ್ಟು, ಸಿಕ್ಕಿದ ಹಂದಿ ಎಷ್ಟು, ಇವೆರಡನ್ನೂ ಅಕ್ಕಪಕ್ಕ ಬರೆಯಬೇಕು. ನಡುವಿನ ವ್ಯತ್ಯಾಸ ಕಬ್ಬಿನೊಳಗೆ ಉಸಿರಾಡುತ್ತಿರುತ್ತೆ.

ಮಾವನಿಗೆ ಇಷ್ಟನ್ನೂ ಹೇಳಿದೆ. ಜೌಲ್ ಗೀಲ್ ಅಂದಾಗ ಆಕಳಿಸಿದರು. ಕಡಿಯೋ ಆಳುಗಳ ಮಾತು ಬಂದಾಗ ಮಾತ್ರ ಫೋನ್ ಕೆಳಗಿಟ್ಟರು.

"ಹೋದ್ ವರ್ಸ ನಮ್ ಪಕ್ಕದ್ ಗದ್ದೇಲಿ ಕುಂಟ್ತಾ ಇದ್ದ ಹಂದಿ ಒಂದಿತ್ತು ಕಣ್ಲಾ. ಯಾರ್ ಹೊಡ್ದಿದ್ರೋ, ಒಬ್ರೂ ಬಾಯ್ ಬಿಡ್ನಿಲ್ಲ. ಕಟಾವ್ ದಿವ್ಸ ನಾವೇ ನಾಕ್ ಜನ ತಮಟೆ ಹೊಡ್ಕೊಂಡು ಮುಂದ್ ಹೋದೋ."

ಆಳುಗಳಿಗೆ ಹೇಳಿದ್ರಾ ಅಂತ ಕೇಳಿದೆ.

"ಹೇಳುದ್ರೆ ಅವ್ರು ಇಳಿದಾರಾ? ಲಾರಿ ಬಂದ್ ನಿಂತಿತ್ತು."